ಖಾಲಿ ಜಾಗ, ಪಾರ್ಕು ಮತ್ತು 'ಸ್ವಲ್ಪ ತಡೀರಿ': ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯ ಹಿಂದೆ ಸುಮಾರು ಎರಡು ಎಕರೆ ಸರ್ಕಾರಿ ಜಾಗ ಖಾಲಿ ಇದೆ. ಎರಡು ಹೊಂಗೆ ಮರ, ಒಂದು ಹುಣಸೆ, ಉಳಿದಿದ್ದೆಲ್ಲ ಪಾರ್ಥೇನಿಯಂ. ಸಂಜೆ ಆದರೆ ಹುಡುಗರು ಮೂರು ಇಟ್ಟಿಗೆ ನಿಲ್ಲಿಸಿ ವಿಕೆಟ್ ಮಾಡಿಕೊಳ್ಳುತ್ತಾರೆ. ಹೋದ ವರ್ಷ ಒಂದು ದಿನ ಸರ್ವೆಯವರು ಬಂದು ಅದರ ಮೇಲೆ ಸುಣ್ಣದ ಗೆರೆ ಎಳೆದು ಹೋದರು. ಆವತ್ತು ಸಂಜೆ ಹುಡುಗರು ಅದೇ ಗೆರೆಯನ್ನು ಬೌಂಡರಿ ಮಾಡಿಕೊಂಡು ಆಡಿದರು.

ಅಲ್ಲಿಂದ ನಮ್ಮ ಮಾತು ಶುರುವಾಯಿತು. ಏನಾದರೂ ಕಟ್ಟುವ ಮೊದಲು ಈ ಏರಿಯಾಗೆ ಎಷ್ಟು ಪಾರ್ಕ್ ಬೇಕು ಅಂತ ಎಣಿಸಿ, ಅಲ್ಲಿಯವರೆಗೆ ಖಾಲಿ ಜಾಗಕ್ಕೆ ಕೈ ಹಾಕಬೇಡಿ, ಇಷ್ಟೇ ನಾವು ಕೇಳಿದ್ದು. ವಾಕಿಂಗ್‌ನಲ್ಲಿ, ವಾರ್ಡ್ ಸಭೆಯಲ್ಲಿ, ಪತ್ರಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಮೊದಲಿಗೆ

"ನೀವು ಕೇಳ್ತಿರೋದು ಏನು? ಊರಲ್ಲಿ ಯಾರೂ ಮನೆ ಕಟ್ಟಬಾರದು ಅಂತಾನಾ?"

ಅಲ್ಲ. ನಿಮ್ಮ ಮನೆಯ ಪ್ಲಾನ್, ಮೇಲಿನ ಮಹಡಿ, ಅಂಗಡಿ, ಯಾವುದಕ್ಕೂ ಇದು ಸಂಬಂಧ ಇಲ್ಲ. ಸರ್ಕಾರದ, ಪ್ರಾಧಿಕಾರದ, ಪಾಲಿಕೆಯ ಹೆಸರಿನಲ್ಲಿ ಇರುವ ಖಾಲಿ ಜಾಗಗಳ ಬಗ್ಗೆ ಮಾತ್ರ ನಮ್ಮ ಮಾತು. ಒಂದು ನಿಗದಿತ ಅವಧಿಗೆ ಅವುಗಳನ್ನು ಹರಾಜು ಹಾಕಬಾರದು, ಲೀಸ್‌ಗೆ ಕೊಡಬಾರದು, ಕಟ್ಟಡ ಎಬ್ಬಿಸಬಾರದು. ಆ ಅವಧಿಯಲ್ಲಿ ಯಾವ ವಾರ್ಡ್‌ನಲ್ಲಿ ಪಾರ್ಕ್ ಇದೆ, ಎಲ್ಲಿ ಇಲ್ಲ, ಯಾವ ಖಾಲಿ ಜಾಗ ಆ ಕೊರತೆ ತುಂಬುತ್ತದೆ ಅಂತ ಲೆಕ್ಕ ಹಾಕಬೇಕು. ಲೆಕ್ಕ ಮುಗಿದ ಮೇಲೆ ಪಾರ್ಕಿಗೆ ಬೇಡದ ಜಾಗವನ್ನು ಬಿಟ್ಟುಕೊಡಲಿ, ನಮ್ಮದೇನೂ ತಕರಾರಿಲ್ಲ.

"ಲಾಲ್‌ಬಾಗ್ ಇದೆ, ಕಬ್ಬನ್ ಪಾರ್ಕ್ ಇದೆ. ಇನ್ನೆಷ್ಟು ಬೇಕು ನಿಮಗೆ?"

ಒಂದು ಲೆಕ್ಕ ಮಾಡೋಣ. ನಗರ ಯೋಜನೆಗೆ ಕೇಂದ್ರ ಸರ್ಕಾರ 2014ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕು. 2011ರ ಜನಗಣತಿಯಲ್ಲಿ ಬಿಬಿಎಂಪಿ (ಆಗಿನ ಬೆಂಗಳೂರು ಮಹಾನಗರ ಪಾಲಿಕೆ) ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಕಡಿಮೆ ಅಂಕಿಯನ್ನೇ ಹಿಡಿದು ತಲೆಗೆ 10 ಚದರ ಮೀಟರ್ ಅಂದರೂ 84 ಚದರ ಕಿಲೋಮೀಟರ್ ಬೇಕು, ಅಂದರೆ ಇಪ್ಪತ್ತು ಸಾವಿರ ಎಕರೆಗಿಂತ ಜಾಸ್ತಿ. ಲಾಲ್‌ಬಾಗ್ ಇರುವುದು 240 ಎಕರೆ. ಲೆಕ್ಕ ಹಾಕಿದರೆ ಸುಮಾರು 87 ಲಾಲ್‌ಬಾಗ್ ಬೇಕಾಗುತ್ತದೆ! ಅದೂ 2011ರ ಜನಕ್ಕೆ. ಆಮೇಲೆ ಬಂದವರೆಲ್ಲ ಈ ಲೆಕ್ಕದಲ್ಲಿ ಇಲ್ಲ.

ಅಷ್ಟು ಜಾಗ ಈಗ ಎಲ್ಲಿಂದಲೂ ಬರುವುದಿಲ್ಲ, ಗೊತ್ತು. ಆದರೆ ದೊಡ್ಡ ಪಾರ್ಕ್ ಒಂದಿದ್ದರೆ ಸಾಲದು, ನಡೆದು ಹೋಗುವಷ್ಟು ಹತ್ತಿರ ಇರಬೇಕು. ಮನೆಯಿಂದ 300 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಅರ್ಧದಿಂದ ಒಂದು ಹೆಕ್ಟೇರಿನಷ್ಟಾದರೂ ಹಸಿರು ಜಾಗ ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2017ರಲ್ಲಿ ಹೇಳಿತು. ಬೇಗೂರಿನಲ್ಲಿರುವ ಅಜ್ಜಿಗೆ ಕಬ್ಬನ್ ಪಾರ್ಕ್ ಅಂದರೆ ಎರಡು ಬಸ್ಸಿನ ದಾರಿ. ಮಂಡಿ ನೋವಿನವರಿಗೆ ಅದು ಇದ್ದರೂ ಇಲ್ಲದ ಹಾಗೇ.

"ಖಾಲಿ ಬಿಟ್ರೆ ಕಸ ಸುರೀತಾರೆ, ಹಾವು ಬರುತ್ತೆ. ಏನಾದ್ರೂ ಕಟ್ಟಿದ್ರೇನೇ ವಾಸಿ ಅಲ್ವಾ?"

ಈ ಮಾತು ಹೇಳುವವರ ಮನೆ ಸಾಮಾನ್ಯವಾಗಿ ಆ ಜಾಗದ ಪಕ್ಕದಲ್ಲೇ ಇರುತ್ತದೆ, ಆದ್ದರಿಂದ ಅವರ ಕಷ್ಟ ನಿಜ. ನಮ್ಮಲ್ಲೂ ಒಂದು ಮೂಲೆಯಲ್ಲಿ ರಾತ್ರೋರಾತ್ರಿ ಕಟ್ಟಡದ ಡೆಬ್ರಿ ಬೀಳುತ್ತಿತ್ತು. ಯಾಕೆ ಆ ಮೂಲೆಯೇ ಅಂತ ನಾಲ್ಕು ದಿನ ಗಮನಿಸಿದೆವು. ಅಲ್ಲಿ ಬೀದಿದೀಪ ಕೆಟ್ಟಿತ್ತು, ಟ್ರ್ಯಾಕ್ಟರ್ ಒಳಗೆ ತಿರುಗುವಷ್ಟು ಬೇಲಿ ಮುರಿದಿತ್ತು. ದೀಪ ಸರಿಯಾಯಿತು, ಕಲ್ಲುಕಂಬ ನೆಟ್ಟು ಜನ ಮಾತ್ರ ನುಗ್ಗುವಷ್ಟು ಸಂದಿ ಬಿಟ್ಟೆವು. ಆಮೇಲೆ ಲೋಡ್ ಬರುವುದು ನಿಂತಿತು.

ಹುಲ್ಲು ಸವರಿ, ದೀಪ ಹಾಕಿ, ಕಾಲುದಾರಿ ಬಿಟ್ಟರೆ ಸಾಕು. ತಡೆ ಹಾಕಿದ ಅವಧಿಯಲ್ಲಿ ಜಾಗವನ್ನು ಪಾಳು ಬಿಡಿ ಅಂತ ಯಾರೂ ಹೇಳುತ್ತಿಲ್ಲ.

"ಈಗ ಕಟ್ಟಲಿ ಬಿಡಿ, ಪಾರ್ಕ್ ಬೇಕಾದ್ರೆ ಆಮೇಲೆ ಬೇರೆ ಕಡೆ ಮಾಡಬಹುದಲ್ಲ?"

ಎಲ್ಲಿ ಮಾಡುವುದು? ಬೆಂಗಳೂರಿನಲ್ಲಿ ಕಟ್ಟಡ ಒಡೆದು ಪಾರ್ಕ್ ಮಾಡಿದ್ದನ್ನು ನಿಮ್ಮ ಏರಿಯಾದಲ್ಲಿ ಎಷ್ಟು ಸಲ ನೋಡಿದ್ದೀರಿ? ಪಾರ್ಕಿನ ಮೂಲೆಗೆ ಕಟ್ಟಡ ಬಂದದ್ದನ್ನು ಮಾತ್ರ ಎಲ್ಲರೂ ನೋಡಿರುತ್ತಾರೆ. ಇವತ್ತಿನ ಬೆಲೆಗೆ ಪಾರ್ಕಿಗಾಗಿ ಜಾಗ ಕೊಳ್ಳುವ ದುಡ್ಡು ಯಾವ ಪಾಲಿಕೆಯ ಹತ್ತಿರವೂ ಇಲ್ಲ. ಕೈಯಲ್ಲಿರುವ ಜಾಗ ಉಳಿಸಿಕೊಳ್ಳುವುದಕ್ಕೆ ಮಾತ್ರ ದುಡ್ಡು ಬೇಕಿಲ್ಲ.

"ನಮ್ಮ ಅಪಾರ್ಟ್‌ಮೆಂಟ್ ಒಳಗೇ ಗಾರ್ಡನ್ ಇದೆ, ನಮಗ್ಯಾಕೆ ಇದೆಲ್ಲ?"

ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗು ಆ ಗಾರ್ಡನ್‌ನಲ್ಲಿ ಆಡಬಹುದಾ? ಗೇಟಿನಲ್ಲಿ ಹೆಸರು ಬರೆಸದೆ ಯಾರು ಬೇಕಾದರೂ ಕಾಲಿಡುವಂಥ ಜಾಗವನ್ನು ಮಾತ್ರ ನಾವು ಪಾರ್ಕ್ ಅಂತ ಎಣಿಸುತ್ತೇವೆ.

## ಕಾನೂನು, ದಾಖಲೆ

"ಲೇಔಟ್ ನಕ್ಷೆಯಲ್ಲಿ ಪಾರ್ಕ್ ಅಂತ ಹಸಿರು ಬಣ್ಣ ಇದೆ. ಅದನ್ನ ಬೇರೆಯವರಿಗೆ ಕೊಡಬಹುದಾ?"

ಕೊಡುವ ಹಾಗಿಲ್ಲ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ ಪ್ರಕಾರ ಲೇಔಟ್ ಮಾಡುವಾಗ ಒಟ್ಟು ಜಾಗದ ನೂರಕ್ಕೆ 15 ಭಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ ಇರಬೇಕು, ಅದರ ಮೇಲೆ ನೂರಕ್ಕೆ 10 ಭಾಗ ನಾಗರಿಕ ಸೌಲಭ್ಯಕ್ಕೆ. ಹೀಗೆ ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಆ ಮಾರಾಟ ಊರ್ಜಿತವೇ ಅಲ್ಲ ಅಂತ ಅದೇ ಕಾಯ್ದೆಯ 38ಎ ಕಲಂ ಹೇಳುತ್ತದೆ.

ಇದರ ಹಿಂದಿನ ಕಥೆಯನ್ನು ಪ್ರತಿಯೊಬ್ಬ ಬೆಂಗಳೂರಿಗನೂ ತಿಳಿದಿರಬೇಕು ಅನ್ನುವುದು ನನ್ನ ಆಸೆ. ಈಗಿನ ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಪಾರ್ಕಿಗೆ ಅಂತ ಒಂದು ಜಾಗ ಬಿಟ್ಟಿದ್ದರು. 1976ರಲ್ಲಿ ಮುಖ್ಯಮಂತ್ರಿಗಳ ಸೂಚನೆಯ ಮೇಲೆ ಅದನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡಲು ಹೊರಟರು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. ಮೊದಲು ಒಬ್ಬರೇ ನ್ಯಾಯಮೂರ್ತಿಯ ಪೀಠದಲ್ಲಿ ಸೋತರು, ಆಮೇಲೆ ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತಲೇ ಅದಕ್ಕೆ ಹೆಸರು.

ಎರಡು ಮಾತು ಆ ತೀರ್ಪಿನಿಂದ ಗಟ್ಟಿಯಾದವು. ಪಾರ್ಕಿಗೆ ಬಿಟ್ಟ ಜಾಗವನ್ನು ಮೇಲಿನವರು ಹೇಳಿದರು ಅಂತ ಖಾಸಗಿಯವರಿಗೆ ಕೊಡುವಂತಿಲ್ಲ. ಮತ್ತೆ, ಆ ಬಡಾವಣೆಯ ಮಾಮೂಲಿ ನಿವಾಸಿಗೂ ಅದನ್ನು ಪ್ರಶ್ನಿಸುವ ಹಕ್ಕಿದೆ. "ನೀವ್ಯಾರು ಕೇಳೋಕೆ" ಅಂತ ಯಾರಾದರೂ ಅಂದರೆ ಈ ತೀರ್ಪಿನ ಹೆಸರು ಹೇಳಿ.

"ಸಿಎ ಸೈಟ್ ಅಂದ್ರೂ ಪಾರ್ಕ್ ಸೈಟ್ ಅಂದ್ರೂ ಒಂದೇ ಅಲ್ವಾ?"

ಒಂದೇ ಅಲ್ಲ, ಇಲ್ಲೇ ತುಂಬ ಜನ ಎಡವುತ್ತಾರೆ. ಸಿಎ ಸೈಟ್ ಅಂದರೆ ನಾಗರಿಕ ಸೌಲಭ್ಯದ ನಿವೇಶನ. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಸಮುದಾಯ ಭವನದಂಥವಕ್ಕೆ ಅದನ್ನು ಲೀಸ್‌ಗೆ ಕೊಡಬಹುದು, ಕಾನೂನು ಒಪ್ಪುತ್ತದೆ. ಪಾರ್ಕ್ ಜಾಗಕ್ಕೆ ಆ ದಾರಿ ಇಲ್ಲ. ಹಾಗಾಗಿ ಅರ್ಜಿ ಬರೆಯುವ ಮೊದಲು ನಕ್ಷೆಯಲ್ಲಿ ಏನು ಬರೆದಿದೆ ನೋಡಿಕೊಳ್ಳಿ. ಸಿಎ ಜಾಗವನ್ನು ಪಾರ್ಕ್ ಅಂತ ವಾದಿಸಿದರೆ ಮೊದಲ ಸಭೆಯಲ್ಲೇ ನಮ್ಮ ಅರ್ಜಿ ಬಿದ್ದುಹೋಗುತ್ತದೆ. ಖಾಲಿ ಸಿಎ ಸೈಟಿಗೆ ಕೇಳಬೇಕಾದದ್ದು ತಾತ್ಕಾಲಿಕ ತಡೆ: ಈ ಏರಿಯಾಗೆ ಪಾರ್ಕೇ ಇಲ್ಲದಿದ್ದರೆ ಇದನ್ನು ಹಂಚುವ ಮುಂಚೆ ಒಂದು ಸಲ ಯೋಚಿಸಿ, ಅಂತ.

"ನಮ್ಮದು ರೆವಿನ್ಯೂ ಲೇಔಟ್, ಬಿ ಖಾತಾ. ಇಲ್ಲಿ ಪಾರ್ಕ್ ಅಂತ ಏನೂ ಬಿಟ್ಟೇ ಇಲ್ಲ. ನಾವೇನು ಮಾಡೋದು?"

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಲೇಔಟ್ ಒಪ್ಪಿಗೆ ಇಲ್ಲದೆ ಹೊಲವನ್ನು ಸೈಟ್ ಮಾಡಿದ್ದು ರೆವಿನ್ಯೂ ಲೇಔಟ್, ನಿಯಮಕ್ಕೆ ಪೂರ್ತಿ ಒಳಪಡದ ಆಸ್ತಿಗಳನ್ನು ಪಾಲಿಕೆ ಬೇರೆಯಾಗಿ ಬರೆದಿಟ್ಟದ್ದು ಬಿ ಖಾತಾ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಳಗೆ ಸೇರಿದವು. ಅಲ್ಲೆಲ್ಲ ಹೊಲಗಳನ್ನು ಸೈಟ್ ಮಾಡಿ ಮಾರಿದವರು ರಸ್ತೆಗೇ ಸರಿಯಾಗಿ ಜಾಗ ಬಿಡಲಿಲ್ಲ, ಇನ್ನು ಪಾರ್ಕಿಗೆಲ್ಲಿ? ಮೀಸಲಿಟ್ಟ ಜಾಗವೇ ಇಲ್ಲದ ಮೇಲೆ ಉಳಿಸುವ ಕಾನೂನು ಇದ್ದೂ ಉಪಯೋಗ ಇಲ್ಲ. ಅಂಥ ಕಡೆ ಉಳಿದ ಸರ್ಕಾರಿ ಖಾಲಿ ಜಾಗವೇ ಕೊನೆಯ ಆಸರೆ.

ಹಳ್ಳಿಯ ಹಳೆಯ ದಾಖಲೆ ತೆಗೆಸಿ ನೋಡಿ. ಗುಂಡುತೋಪು ಅಂತ ಬರೆದಿರಬಹುದು. ಊರಿನವರಿಗೆ, ದಾರಿಹೋಕರಿಗೆ ನೆರಳಿಗೆ ಅಂತ ಮಾವು, ಹುಣಸೆ, ನೇರಳೆ, ಹಲಸು ನೆಟ್ಟ ಜಾಗ ಅದು. ದನ ಮಲಗುತ್ತಿದ್ದದ್ದೂ, ಊರಹಬ್ಬಕ್ಕೆ ಅಡುಗೆ ಆಗುತ್ತಿದ್ದದ್ದೂ ಅಲ್ಲೇ. ಪಾರ್ಕ್ ಅನ್ನುವ ಪದ ಬರುವ ಎಷ್ಟೋ ಮುಂಚೆ ನಮ್ಮ ಹಳ್ಳಿಗಳಲ್ಲಿ ಪಾರ್ಕ್ ಇತ್ತು. ಗೋಮಾಳ ಇರಬಹುದು, ಬಿ ಖರಾಬು ಇರಬಹುದು. ಬಿ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಅಂತ ಸಾಗುವಳಿಯಿಂದ ಹೊರಗಿಟ್ಟ ಜಾಗ.

ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಒಂದು ತೋಪಿಗೆ ಆ ಮರ್ಯಾದೆ ಸಿಕ್ಕಿದೆ. ನಿಮ್ಮ ಊರಿನ ತೋಪಿಗೆ ಕನಿಷ್ಠ ಒಂದು ಬೆಂಚು, ಒಂದು ಬೇಲಿ ಸಿಗಬಾರದಾ?

"ನನ್ನ ಸ್ವಂತ ಸೈಟ್ ಖಾಲಿ ಇದೆ. ಮಗಳ ಮದುವೆಗೆ ಮಾರೋಣ ಅಂತಿದ್ದೆ. ಅದಕ್ಕೂ ತಡೆ ಹಾಕ್ತಾರಾ?"

ಇಲ್ಲ, ಧೈರ್ಯವಾಗಿರಿ. ಖಾಸಗಿ ಸೈಟಿನ ಬಗ್ಗೆ ನಾವು ಕೇಳಿಲ್ಲ, ಕೇಳುವುದೂ ಇಲ್ಲ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅಂತ ಸಂವಿಧಾನದ 300ಎ ವಿಧಿಯೇ ಹೇಳುತ್ತದೆ.

ಮಾಸ್ಟರ್ ಪ್ಲಾನ್‌ನಲ್ಲಿ ಖಾಸಗಿ ಜಮೀನಿನ ಮೇಲೆ ಪಾರ್ಕ್ ಅಂತ ಗುರುತು ಹಾಕಿದ್ದರೂ ಅದು ಶಾಶ್ವತ ಅಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಂ ಪ್ರಕಾರ ಐದು ವರ್ಷದೊಳಗೆ ಆ ಜಾಗ ಪಡೆಯುವ ಕೆಲಸ ಆಗದಿದ್ದರೆ ಗುರುತು ತಾನಾಗೇ ಬಿದ್ದುಹೋಗುತ್ತದೆ. ಪ್ಲಾನ್‌ನಲ್ಲಿ ಹಸಿರು ಬಳಿದು ಕೈ ಕಟ್ಟಿ ಕೂತರೆ ಆ ಹಸಿರು ಕಾಗದದಲ್ಲೇ ಉಳಿಯುವುದು ಹೀಗೆ. ಮಾಲೀಕರು ಒಪ್ಪಿದರೆ ದುಡ್ಡಿನ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಬಳಸುವ ಅಥವಾ ಮಾರುವ ಹೆಚ್ಚುವರಿ ಕಟ್ಟಡದ ಹಕ್ಕು, ಕೊಡುವ ದಾರಿಯೂ ಕಾಯ್ದೆಯಲ್ಲಿದೆ.

"ಬೇರೆ ಎಲ್ಲಾದ್ರೂ ಹೀಗೆ ನಿಲ್ಲಿಸಿ ಲೆಕ್ಕ ಹಾಕಿದ್ದಾರಾ? ಕೋರ್ಟ್ ಒಪ್ಪುತ್ತಾ?"

ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಯೋಜನೆ ತಯಾರಾಗುವವರೆಗೆ ಕಟ್ಟಡಕ್ಕೆ ತಾತ್ಕಾಲಿಕ ತಡೆ ಹಾಕುತ್ತಾರೆ. ಇಲ್ಲದಿದ್ದರೆ ಯೋಜನೆ ಬರುತ್ತದೆ ಅನ್ನುವ ಸುದ್ದಿ ಕೇಳಿಯೇ ಎಲ್ಲರೂ ಓಡಿ ಪರ್ಮಿಷನ್ ತೆಗೆದುಕೊಂಡು, ಯೋಜನೆ ಮುಗಿಯುವ ಹೊತ್ತಿಗೆ ಯೋಜಿಸಲು ಜಾಗವೇ ಉಳಿಯುವುದಿಲ್ಲ.

ಹೆಸರುವಾಸಿ ಉದಾಹರಣೆ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ನಡುವಿನ ತಾಹೋ ಸರೋವರದ್ದು. ಅಲ್ಲಿಯ ಪ್ರಾಧಿಕಾರ 1981ರಿಂದ 1984ರ ನಡುವೆ ಒಟ್ಟು 32 ತಿಂಗಳು ಕಟ್ಟಡ ನಿಲ್ಲಿಸಿ ಅಧ್ಯಯನ ಮಾಡಿತು. ಉದ್ದೇಶ ಪಾರ್ಕ್ ಅಲ್ಲ, ಸರೋವರದ ತಿಳಿನೀರು ಕೆಡದಂತೆ ನೋಡಿಕೊಳ್ಳುವುದು. ಸೈಟಿನವರು ಪರಿಹಾರ ಕೇಳಿ ಕೇಸ್ ಹಾಕಿದರು. ತಾತ್ಕಾಲಿಕ ತಡೆ ಹಾಕಿದ ಮಾತ್ರಕ್ಕೆ ಆಸ್ತಿ ಕಸಿದ ಹಾಗೆ ಆಗುವುದಿಲ್ಲ ಅಂತ 2002ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅಲ್ಲಿ ತಡೆ ಬಿದ್ದದ್ದು ಖಾಸಗಿ ಸೈಟುಗಳ ಮೇಲೆ. ನಾವು ಕೇಳುತ್ತಿರುವುದು ಸರ್ಕಾರ ತನ್ನದೇ ಜಾಗವನ್ನು ಸ್ವಲ್ಪ ದಿನ ಮಾರದೆ ಇರಲಿ ಅಂತ. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ, ಒಂದು ತೀರ್ಮಾನ ಸಾಕು.

## ಲೆಕ್ಕ ಹೇಗೆ, ಎಷ್ಟು ದಿನ

"ಅಧ್ಯಯನ ಅಂತ ಹತ್ತು ವರ್ಷ ಎಳೀತಾರೆ. ಆಮೇಲೆ?"

ಈ ಭಯ ನಮಗೂ ಇದೆ. ಬೆಂಗಳೂರಿನ ಈಗಿನ ಮಾಸ್ಟರ್ ಪ್ಲಾನ್ 2007ರಲ್ಲಿ ಒಪ್ಪಿಗೆಯಾದದ್ದು, 2015ರವರೆಗಿನ ಲೆಕ್ಕಕ್ಕೆ. 2031ರ ಪ್ಲಾನ್‌ನ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ದೊಡ್ಡ ಪ್ಲಾನ್ ಬರಲಿ ಅಂತ ಕಾಯುತ್ತಾ ಕೂತರೆ ಅಷ್ಟರಲ್ಲಿ ಎಲ್ಲ ಜಾಗವೂ ಮುಗಿದಿರುತ್ತದೆ.

ಅದಕ್ಕೇ ನಾವು ಸಣ್ಣದು ಕೇಳುತ್ತೇವೆ. ಒಂದು ವರ್ಷ, ಅದಕ್ಕಿಂತ ಜಾಸ್ತಿ ಬೇಡ. ಯಾವ ದಿನಾಂಕಕ್ಕೆ ತಡೆ ಮುಗಿಯುತ್ತದೆ ಅಂತ ಆದೇಶದಲ್ಲೇ ಬರೆಯಲಿ. ಮುಗಿಯುವ ದಿನ ಇಲ್ಲದ ತಡೆಯನ್ನು ಜನ ನಂಬುವುದಿಲ್ಲ, ಕೋರ್ಟಿನಲ್ಲೂ ಅದು ನಿಲ್ಲುವುದು ಕಷ್ಟ.

"ಏನನ್ನ ಎಣಿಸೋದು? ಪಾರ್ಕ್ ಎಷ್ಟಿದೆ ಅಂತ ಪಾಲಿಕೆಗೇ ಗೊತ್ತಲ್ಲ."

ಪಾರ್ಕ್ ಎಷ್ಟಿದೆ ಅನ್ನುವುದು ಅರ್ಧ ಲೆಕ್ಕ. ಯಾರಿಗೆ ಎಟುಕುತ್ತದೆ ಅನ್ನುವುದು ಇನ್ನರ್ಧ.

ನಮ್ಮ ಬೀದಿಯ ಅಜ್ಜಿಯೊಬ್ಬರ ಜೊತೆ ಒಂದು ಸಂಜೆ ಹತ್ತಿರದ ಪಾರ್ಕಿಗೆ ನಡೆದು ನೋಡಿದೆವು. ಫೋನಿನ ಮ್ಯಾಪ್‌ನಲ್ಲಿ ನೇರ ಗೆರೆ ಎಳೆದರೆ 280 ಮೀಟರ್. ಆದರೆ ನಡುವೆ ರಾಜಕಾಲುವೆ ಇದೆ, ದಾಟಲು ಸೇತುವೆ ಇಲ್ಲ. ಸುತ್ತು ಹಾಕಿ, ಫುಟ್‌ಪಾತ್ ಇಲ್ಲದ ಕಡೆ ಬೈಕುಗಳಿಗೆ ದಾರಿ ಬಿಟ್ಟು, ಎರಡು ಕಡೆ ಅಂಗಡಿ ಮೆಟ್ಟಿಲ ಮೇಲೆ ಕೂತು ಎದ್ದು ಹೋಗುವಷ್ಟರಲ್ಲಿ 900 ಮೀಟರ್, 26 ನಿಮಿಷ. ಅಜ್ಜಿ ಗೇಟಿನ ಹತ್ತಿರ ಬಂದು "ಬಂದದ್ದಾಯ್ತು, ವಾಪಸ್ ಹೋಗೋದು ಹೆಂಗಪ್ಪಾ" ಅಂದರು. ಒಳಗೆ ಹೋಗಲೇ ಇಲ್ಲ, ಆಟೋ ಹಿಡಿದು ಬಂದೆವು.

ಹಾಗಾಗಿ ದೂರವನ್ನು ಕಾಲಿನಲ್ಲೇ ಅಳೆಯಬೇಕು. ಯಾವ ಬೀದಿಯಲ್ಲಿ ಎಷ್ಟು ಮಕ್ಕಳು, ಎಷ್ಟು ವಯಸ್ಸಾದವರು ಅಂತ ನೋಡಬೇಕು. ಪಾರ್ಕ್ ಯಾವಾಗ ತೆರೆದಿರುತ್ತದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು: ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಲಿ ಅಂತ 2024ರಲ್ಲಿ ಸೂಚನೆ ಬಂತು, ಆದರೂ ಮಧ್ಯಾಹ್ನ ಬೀಗ ಕಂಡರೆ ಆ ಪಾರ್ಕ್ ಅರ್ಧ ದಿನದ ಪಾರ್ಕ್. ಒಳಗೆ ಹುಡುಗಿಯರು ಆಡುತ್ತಿದ್ದಾರಾ, ಬರೀ ವಾಕಿಂಗ್‌ನವರಾ, ಅದನ್ನೂ ಬರೆದುಕೊಳ್ಳಿ.

"ಬಡವರಿಗೆ ಮನೆ ಇಲ್ಲ. ನೀವು ಪಾರ್ಕ್ ಪಾರ್ಕ್ ಅಂತೀರಾ?"

ಕೇಳಲೇಬೇಕಾದ ಪ್ರಶ್ನೆ. ಖಾಲಿ ಜಾಗದಲ್ಲಿ ಗುಡಿಸಲು ಹಾಕಿಕೊಂಡಿರುವವರನ್ನು ಎಬ್ಬಿಸಿ ಪಾರ್ಕ್ ಮಾಡಿದರೆ ನಾನಂತೂ ಆ ಪಾರ್ಕಿಗೆ ಕಾಲಿಡುವುದಿಲ್ಲ. ಲೆಕ್ಕ ಹಾಕಿದ ಮೇಲೆ ಈ ಜಾಗದಲ್ಲಿ ಮನೆಯೇ ಬೇಕು ಅಂತ ಗೊತ್ತಾದರೆ ಮನೆ ಕಟ್ಟಲಿ.

ಆದರೆ ಹತ್ತಕ್ಕೆ ಹದಿನೈದು ಅಡಿಯ ಮನೆಯಲ್ಲಿ ಐದು ಜನ ಇರುವ ಕಡೆಯೇ ಹೊರಗೆ ಕೂರುವ ಜಾಗ ಎಲ್ಲರಿಗಿಂತ ಜಾಸ್ತಿ ಬೇಕು. ಅಲ್ಲೇ ಅದು ಎಲ್ಲರಿಗಿಂತ ಕಡಿಮೆ ಇದೆ. ಬಡವರಿಗೆ ಮನೆ, ಉಳ್ಳವರಿಗೆ ಪಾರ್ಕ್ ಅಂತ ಹಂಚುವ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಇನ್ನೊಂದು ಮಾತು, ಹರಾಜಿಗೆ ಬರುವ ಸರ್ಕಾರಿ ಜಾಗ ಬಡವರ ಕೈಗೆ ಸಿಗುವುದಿಲ್ಲ, ಜಾಸ್ತಿ ಕೂಗಿದವರಿಗೆ ಸಿಗುತ್ತದೆ.

"ಎರಡು ಎಕರೆಯಿಂದ ಊರಿಗೆ ಏನು ಉಪಯೋಗ?"

ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಅಂದರೆ 6,000 ಲೀಟರಿನ ಆರೂವರೆ ಟ್ಯಾಂಕರ್. ಮಣ್ಣಿದ್ದರೆ ಅದರಲ್ಲಿ ಒಂದು ಪಾಲು ಇಂಗುತ್ತದೆ. ಕಾಂಕ್ರೀಟ್ ಹಾಕಿದರೆ ಹೆಚ್ಚುಕಮ್ಮಿ ಪೂರ್ತಿ ರಸ್ತೆಗೆ, ರಾಜಕಾಲುವೆಗೆ, ತಗ್ಗಿನಲ್ಲಿರುವವರ ಮನೆಗೆ. 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಿಗೂ, 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

## ಕೆಲಸಕ್ಕೆ ಇಳಿದವರಿಗೆ

"ಆ ಜಾಗ ಯಾರದ್ದು ಅಂತ ತಿಳಿಯೋದು ಹೇಗೆ?"

ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ, ಸರ್ವೆ ನಂಬರ್ ಬರುತ್ತದೆ. ಆ ನಂಬರ್ ಹಿಡಿದು ಪಹಣಿ, ಗ್ರಾಮ ನಕ್ಷೆ ತೆಗೆಸಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರದ ಹಾಗೆ ಇರಬೇಕು, ಇಲ್ಲದಿದ್ದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ.

ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ 1985ರ ಕರ್ನಾಟಕ ಕಾಯ್ದೆಯೊಂದಿದೆ. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಇಂಥ ಜಾಗಗಳ ಪಟ್ಟಿ ಮಾಡಬೇಕು. ಆ ಪಟ್ಟಿಯ ನಕಲು ಕೇಳಿ. ಪಟ್ಟಿಯಲ್ಲಿ ನಿಮ್ಮ ಜಾಗ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಪಟ್ಟಿಯೇ ಇಲ್ಲ ಅಂತ ಉತ್ತರ ಬಂದರೆ ಆ ಉತ್ತರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಲೆಕ್ಕ ಇಲ್ಲದೆ ಜಾಗ ಮಾರುತ್ತಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

"ಯಾರಿಗೆ ಬರೆಯೋದು? ಕಾರ್ಪೊರೇಟರೇ ಇಲ್ವಲ್ಲ!"

ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು, ಆಮೇಲೆ ಬಿಬಿಎಂಪಿಗೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು. ಜಾಗ ಯಾರ ಹೆಸರಲ್ಲಿದೆಯೋ ಆ ಇಲಾಖೆಗೆ ಮೊದಲ ಪತ್ರ, ನಿಮ್ಮ ಪಾಲಿಕೆಯ ಆಯುಕ್ತರಿಗೆ ಎರಡನೆಯದು, ಶಾಸಕರಿಗೆ ನಕಲು. ಕೈಯಲ್ಲೇ ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ. ಪತ್ರದ ಜೊತೆ ನಡೆದು ಅಳೆದ ಲೆಕ್ಕದ ಒಂದು ಪುಟ ಇದ್ದರೆ ಅಧಿಕಾರಿಗಳ ಮಾತಿನ ಧಾಟಿಯೇ ಬದಲಾಗುತ್ತದೆ, ಇದು ನಾವು ಕಣ್ಣಾರೆ ಕಂಡದ್ದು.

"ಪಾರ್ಕ್ ಜಾಗದಲ್ಲಿ ನಮ್ಮವರೇ ಗುಡಿ ಕಟ್ಟೋಕೆ ಹೊರಟಿದ್ದಾರೆ. ಬೇಡ ಅಂದ್ರೆ ಜಗಳ ಆಗುತ್ತೆ."

ರಸ್ತೆ, ಪಾರ್ಕ್‌ನಂಥ ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಯಾವ ಧರ್ಮದ ಕಟ್ಟಡವನ್ನೂ ಹೊಸದಾಗಿ ಕಟ್ಟಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಆದೇಶ ಮಾಡಿದೆ. ಆದರೆ ಮೊದಲೇ ಆದೇಶದ ಕಾಗದ ಹಿಡಿದು ಹೋಗಬೇಡಿ. ಹಿರಿಯರ ಮನೆಗೆ ಹೋಗಿ, ಕಾಫಿ ಕುಡಿದು, ಅಶ್ವತ್ಥ ಕಟ್ಟೆ ಇದ್ದರೆ ಅದನ್ನು ಹಾಗೇ ಉಳಿಸೋಣ, ಸುತ್ತ ಮಕ್ಕಳು ಆಡಲಿ ಅಂತ ಮಾತಾಡಿ. ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

"ನಾವು ಅರ್ಜಿ ಬರೆಯೋಷ್ಟರಲ್ಲಿ ಜೆಸಿಬಿ ಬಂದೇಬಿಟ್ರೆ?"

ಮೊದಲು ದಿನಾಂಕ, ಸಮಯ ಕಾಣುವ ಹಾಗೆ ಫೋಟೋ ತೆಗೆಯಿರಿ. ಕೆಲಸದ ಆದೇಶ ತೋರಿಸಿ ಅಂತ ಕೇಳಿ, ಡ್ರೈವರ್ ಜೊತೆ ಜಗಳ ಬೇಡ, ಅವನ ಕೈಯಲ್ಲಿ ಏನೂ ಇಲ್ಲ. ಮರಗಳಿದ್ದರೆ ಕೂಡಲೇ ವೃಕ್ಷಾಧಿಕಾರಿಗೆ ಫೋನ್ ಮಾಡಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅವರ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಕಡಿಯಬೇಕಾದ ಮರ 50ಕ್ಕಿಂತ ಜಾಸ್ತಿ ಇದ್ದರೆ ಸಾರ್ವಜನಿಕರ ಆಕ್ಷೇಪಣೆಯನ್ನೂ ಕರೆಯಬೇಕು. ನಕ್ಷೆಯಲ್ಲಿ ಪಾರ್ಕ್ ಅಂತಲೇ ಇದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಿ ತಡೆಯಾಜ್ಞೆ ಕೇಳಬಹುದು. ಅದಕ್ಕೆ ಬೇಕಾಗುವುದು ಲೇಔಟ್ ನಕ್ಷೆ, ಪಹಣಿ, ಸೀಲ್ ಬಿದ್ದ ನಿಮ್ಮ ಹಳೆಯ ಪತ್ರ, ಫೋಟೋಗಳು. ಇವನ್ನೆಲ್ಲ ಒಂದೇ ಫೈಲಿನಲ್ಲಿ ಇವತ್ತೇ ಜೋಡಿಸಿಡಿ. ನಮ್ಮ ಫೈಲು ಕ್ರಿಕೆಟ್ ಆಡುವ ಹುಡುಗನೊಬ್ಬನ ಮನೆಯಲ್ಲಿದೆ, ಅವರ ಬಾಲ್ಕನಿಯಿಂದ ಆ ಜಾಗ ಪೂರ್ತಿ ಕಾಣುತ್ತದೆ.